ಮಕ್ಕಳೂ ತಟ್ಟುಗಳೂ: ಇಂಗ್ಲೆಂಡಿನ ಪೋನಿ ಕ್ಲಬ್ಬಿನ ಪಂದ್ಯಗಳು

ಪ್ರತಿವರ್ಷ ಕಾಲೇಜಿಗೆ ಹೆಸರು ಹಚ್ಚುವಾಗ ನಾವು ತೆರುವ ಶುಲ್ಕಗಳ ಪಟ್ಟಿಯಲ್ಲಿ ‘ಜಿಮಖಾನಾ’ ಎಂಬ ಒಂದು ಬಾಬು ಇರುತ್ತದೆ. ಆಟದ ಸಾಮಾನು ಇಡುವ ಕೋಣೆಗೂ ಅದೇ ಹೆಸರು. ಈ ಮಾತು ಎಲ್ಲಿಂದ ಬಂದಿತೆಂದು ನಮ್ಮಲ್ಲಿ ಬಹುಜನರು ಯೋಚಿಸಿರಲಾರರು. ‘ಜಿಮ್ನಾಸ್ಟಿಕ್’ ಎಂಬ ಮಾತಿನ ಮುಂದೆ ಯಾರೋ ‘ಖಾನಾ’ ಸೇರಿಸಿರಬೇಕೆಂದು ನಾನೂ ತಿಳಿದಿದ್ದೆ. ಅದು ಅರ್ಧ ಮಾತ್ರ ನಿಜ.

ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಎಂಬಿಬ್ಬರು ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಪದಕೋಶದ ಪ್ರಕಾರ, ಹಿಂದೂಸ್ಥಾನಿಯಲ್ಲಿ ‘ಗೇಂದ್ ಖಾನಾ’, ಎಂದರೆ ಚೆಂಡಿನ ಮನೆ, ಎಂಬ ಮಾತಿತ್ತು. ಅದರ ಮೊದಲ ಭಾಗವು ‘ಜಿಮ್ನಾಸ್ಟಿಕ್’ನ ಸಹವಾಸದಿಂದ ರೂಪ ಬದಲಿಸಿ ‘ಜಿಮಖಾನಾ’ ಆಗಿರಬೇಕು. 1861ರಲ್ಲಿ ರೂರ್ಕಿಯಲ್ಲಿ ಇಂತಹದೊಂದು ಸ್ಥಾಪನೆಯಾಯಿತೆಂದು ಆ ಕೋಶವು ಹೇಳುತ್ತದೆ. ದಂಡಿನ ಊರುಗಳಲ್ಲಿದ್ದ ಆಂಗ್ಲ ಅಧಿಕಾರಿಗಳು ಹೊತ್ತು ಕಳೆಯಲೆಂದು ಕುದುರೆಯ ಮೇಲೆ ಕುಳಿತು ಆಡುತ್ತಿದ್ದ ಪಂದ್ಯಗಳಿಗೂ ಕ್ರಮೇಣ ಅದೇ ಹೆಸರು ಅಂಟಿಕೊಂಡಿತು. ಆಮೇಲೆ ಆ ಮಾತು ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಹೀಗಾಗಿ ಇಂದು ನಮ್ಮ ಊರಿನಲ್ಲಿ ಜಿಮಖಾನಾ ಎಂದರೆ ಖೋ-ಖೋ, ಕಬಡ್ಡಿ, ವಾಲಿಬಾಲ್. ಇಂಗ್ಲೆಂಡಿನ ಹಳ್ಳಿಯಲ್ಲಿ ಜಿಮಖಾನಾ ಎಂದರೆ ಚಿಕ್ಕ ಮಕ್ಕಳು ಗಿಡ್ಡ ಕುದುರೆಗಳ ಮೇಲೆ ಆಡುವ ಆಟಗಳ ದಿನ. ಈ ಲೇಖನವು ಆ ಎರಡನೆಯ ಜಿಮಖಾನೆಯನ್ನು ಕುರಿತದ್ದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ‘ಪೋನಿ’ ಎಂದರೆ ಕುದುರೆಯ ಮರಿಯಲ್ಲ. ಮರಿ ಬೆಳೆದು ಕುದುರೆಯಾಗುತ್ತದೆ. ಪೋನಿ ಎಷ್ಟು ವರ್ಷ ಬದುಕಿದರೂ ಪೋನಿಯೇ. ಅದು ಗಿಡ್ಡ ಜಾತಿಯ ಕುದುರೆ, ನಮ್ಮ ಹಿರಿಯರು ‘ತಟ್ಟು’ ಎಂದು ಕರೆಯುತ್ತಿದ್ದುದು ಇದನ್ನೇ. ಕುದುರೆಯ ಎತ್ತರವನ್ನು ಇಂಗ್ಲಿಷರು ‘ಹ್ಯಾಂಡ್’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಹ್ಯಾಂಡ್ ಅಂಗೈಯ ಅಗಲ, ಎಂದರೆ 4 ಅಂಗುಲ. ನೆಲದಿಂದ ಹೆಗಲಿನ ಗೂನಿನವರೆಗೆ 14 ಹ್ಯಾಂಡ್ 2 ಅಂಗುಲ (ಸುಮಾರು 148 ಸೆಂಟಿಮೀಟರ್) ಮೀರದಿದ್ದರೆ ಅದು ತಟ್ಟು. ಬ್ರಿಟನ್ನಿನಲ್ಲಿ ಷೆಟ್ಲೆಂಡ್, ಎಕ್ಸ್‌ಮೂರ್, ಡಾರ್ಟ್‌ಮೂರ್, ನ್ಯೂ ಫಾರೆಸ್ಟ್, ವೆಲ್ಷ್ ಮೊದಲಾದ ತಳಿಗಳಿವೆ. ಚಳಿ, ಗಾಳಿ, ಒರಟು ಹುಲ್ಲು ಇವುಗಳ ನಡುವೆ ತಲೆತಲಾಂತರ ಬಾಳಿದ್ದರಿಂದ ಅವು ಗಿಡ್ಡವೂ ಗಟ್ಟಿಮುಟ್ಟೂ ಆಗಿವೆ. ಜಾಣತನದಲ್ಲಿಯೂ ಕಡಿಮೆಯಿಲ್ಲ, ತಮ್ಮ ಬೆನ್ನಿನ ಮೇಲಿರುವ ಹುಡುಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಬೇಗನೆ ಕಂಡುಹಿಡಿಯುತ್ತವೆಯೆಂದು ಕಲಿಸುವವರೆಲ್ಲ ಹೇಳುತ್ತಾರೆ.

ಪೋನಿ ಕ್ಲಬ್ಬು 1929ರಲ್ಲಿ, ‘ಇನ್‌ಸ್ಟಿಟ್ಯೂಟ್ ಆಫ್ ದಿ ಹಾರ್ಸ್’ ಎಂಬ ಸಂಸ್ಥೆಯ ಮಕ್ಕಳ ಶಾಖೆಯಾಗಿ ಹುಟ್ಟಿತು. ಕಾಲವನ್ನು ಗಮನಿಸಬೇಕು. ಮೊದಲ ಮಹಾಯುದ್ಧ ಮುಗಿದು ಹತ್ತು ವರ್ಷಗಳಾಗಿದ್ದವು. ಅಶ್ವದಳದ ಕಾಲ ಮುಗಿಯುತ್ತಿತ್ತು. ಬೀದಿಯಲ್ಲಿ ಮೋಟಾರು ಹೆಚ್ಚಿ ಸಾರೋಟು ಕಡಿಮೆಯಾಗುತ್ತಿತ್ತು. ಕುದುರೆಯ ಅವಶ್ಯಕತೆ ತೀರುತ್ತಿದ್ದ ಸಮಯದಲ್ಲಿಯೇ ಕುದುರೆಯ ವಿದ್ಯೆಯನ್ನು ಮಕ್ಕಳಿಗೆ ಕಲಿಸಬೇಕೆಂಬ ಹಂಬಲ ಹುಟ್ಟಿತೆಂಬುದು ಸ್ವಾರಸ್ಯದ ಸಂಗತಿ. ಇದ್ದಾಗ ಯಾರೂ ಪಾಠ ಮಾಡುವುದಿಲ್ಲ, ಹೋಗುತ್ತದೆಂದಾಗ ಶಾಲೆ ತೆರೆಯುತ್ತಾರೆ. 1947ರಲ್ಲಿ ಮೂಲಸಂಸ್ಥೆಯು ಬೇರೊಂದರೊಡನೆ ಕೂಡಿ ‘ಬ್ರಿಟಿಷ್ ಹಾರ್ಸ್ ಸೊಸೈಟಿ’ ಆಯಿತು. 1997ರಲ್ಲಿ ಪೋನಿ ಕ್ಲಬ್ಬು ಅದರಿಂದ ಬೇರೆಯಾಗಿ ಸ್ವತಂತ್ರ ಧರ್ಮಸಂಸ್ಥೆಯಾಯಿತು. ಅಮೆರಿಕದಲ್ಲಿ 1954ರಲ್ಲಿ ಇದೇ ಮಾದರಿಯ ಸಂಸ್ಥೆ ಪ್ರಾರಂಭವಾಯಿತು. ಆಸ್ಟ್ರೇಲಿಯದಲ್ಲಿಯೂ ಇದು ಬೇರು ಬಿಟ್ಟಿದೆ. 25 ವರ್ಷ ವಯಸ್ಸಿನವರೆಗೆ ಸದಸ್ಯರಾಗಿರಬಹುದು.

ಪ್ರತಿ ಶಾಖೆಯ ಮುಖ್ಯಸ್ಥರಿಗೆ ‘ಡಿಸ್ಟ್ರಿಕ್ಟ್ ಕಮಿಷನರ್’ ಎಂದು ಹೆಸರು! ನಮಗೆ ಇದನ್ನು ಓದಿದೊಡನೆ ಕಚೇರಿ, ಜವಾನ, ಅರ್ಜಿ ಇವೆಲ್ಲ ಕಣ್ಣ ಮುಂದೆ ಬರುತ್ತವೆ. ಅಲ್ಲಿ ಅವರು ಸಂಬಳವಿಲ್ಲದೆ ದುಡಿಯುವ ಸ್ಥಳೀಯ ಗೃಹಸ್ಥರು. ಬಹುಮಟ್ಟಿಗೆ ಯಾವುದೋ ಮಗುವಿನ ತಾಯಿ.

ಕ್ಲಬ್ಬಿನಲ್ಲಿ ಪರೀಕ್ಷೆಗಳಿವೆ. ಕೆಳಗಿನಿಂದ ಇ, ಡಿ, ಸಿ, ಬಿ, ಎ ಎಂದು ಮೆಟ್ಟಿಲುಗಳು; ನಡುವೆ ಇನ್ನಷ್ಟು ಒಳಮೆಟ್ಟಿಲುಗಳು. ಕೊನೆಯ ‘ಎ’ ದಾಟುವವರು ಕೆಲವರೇ. ಸವಾರಿಯ ಜೊತೆಗೆ ಲಾಯದ ಕೆಲಸವೂ ಪರೀಕ್ಷೆಯ ವಿಷಯ. ಈ ಸಂಗತಿಯನ್ನು ಮನೆಯಲ್ಲಿ ಹೇಳಿದಾಗ ನಮ್ಮ ತಂದೆಯವರು ನಕ್ಕು, “ಕುದುರಿ ಮ್ಯಾಲ ಕೂಡಾಕ ಪರೀಕ್ಷಾ ಅದಾವೇನು? ಹಂಗಾದ್ರ ನಮ್ಮಪ್ಪ ಏನು ಪಾಸಾಗಿದ್ದ?” ಎಂದರು. ನಮ್ಮ ಅಜ್ಜ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದವರು. ಕುದುರೆಗೆ ಹುರುಳಿ ಹಾಕದೆ ಅವರು ಒಂದು ದಿನವೂ ಊಟಕ್ಕೆ ಕುಳಿತವರಲ್ಲವಂತೆ. ಪೋನಿ ಕ್ಲಬ್ಬಿನ ಮಕ್ಕಳಿಗೆ ಮೊದಲು ಕಲಿಸುವ ಪಾಠವೂ ಇದೇ: ಮೊದಲು ತಟ್ಟಿಗೆ ನೀರು ಮೇವು, ಆಮೇಲೆ ನಿನ್ನ ತಿಂಡಿ.

ಈ ಪಾಠಕ್ಕೆ ಶರೀರಶಾಸ್ತ್ರದ ಕಾರಣವಿದೆ. ಕುದುರೆಯ ಜಠರವು ಅದರ ದೇಹಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಅದಕ್ಕೆ ವಾಂತಿ ಮಾಡಲು ಬಾರದು. ಆದುದರಿಂದ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಮೇವು ಕೊಡಬೇಕು. ಒಮ್ಮೆಲೇ ಹೆಚ್ಚು ಕಾಳು ಹಾಕಿದರೆ ಹೊಟ್ಟೆಶೂಲೆ ಬಂದು ಸತ್ತರೂ ಸತ್ತೀತು. ತಟ್ಟುಗಳಿಗೆ ಇನ್ನೊಂದು ಅಪಾಯವುಂಟು. ಬಡ ಹುಲ್ಲಿಗೆ ಒಗ್ಗಿದ ಅವುಗಳ ಮೈಗೆ ವಸಂತಕಾಲದ ಸೊಂಪಾದ ಹಸುರು ಹುಲ್ಲು ತಡೆಯುವುದಿಲ್ಲ; ಗೊರಸಿನ ಒಳಭಾಗ ಊದಿಕೊಂಡು ನಿಲ್ಲಲಾರದಂತಹ ನೋವಾಗುತ್ತದೆ. ಪ್ರೀತಿಯಿಂದ ಹೆಚ್ಚು ಮೇಯಿಸಿದ ಮಗುವೇ ತನ್ನ ತಟ್ಟನ್ನು ಕುಂಟಾಗಿಸಬಹುದು. ಗೊರಸು ಉಗುರಿನಂತೆ ಬೆಳೆಯುತ್ತಿರುವುದರಿಂದ ಆರೆಂಟು ವಾರಕ್ಕೊಮ್ಮೆ ಅದನ್ನು ಕೆತ್ತಿಸಿ ಲಾಳ ಹೊಡೆಸಬೇಕು. ಪಂದ್ಯಕ್ಕೆ ಮುನ್ನ ಜೀನು, ಲಗಾಮು, ರಿಕಾಪುಗಳ ತಪಾಸಣೆ ನಡೆಯುತ್ತದೆ. ಹೊಲಿಗೆ ಬಿಚ್ಚಿದ ಪಟ್ಟಿ ಕಂಡರೆ ಎಷ್ಟು ಚೆನ್ನಾದ ಸವಾರನಾದರೂ ಅಂಗಳಕ್ಕೆ ಇಳಿಯುವಂತಿಲ್ಲ.

ಇನ್ನು ಪಂದ್ಯಗಳ ವಿಚಾರ. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಪ್ರಿನ್ಸ್ ಫಿಲಿಪ್ ಕಪ್’ ಎಂಬ ತಂಡದ ಆಟಗಳು. ಬೆಲೆಬಾಳುವ, ವಂಶಾವಳಿಯುಳ್ಳ ತಟ್ಟುಗಳಿದ್ದ ಮಕ್ಕಳೇ ಪ್ರದರ್ಶನಗಳಲ್ಲಿ ಬಹುಮಾನ ಗಳಿಸುತ್ತಿದ್ದ ಕಾಲದಲ್ಲಿ, ಸಾಮಾನ್ಯ ಮಕ್ಕಳು ಸಾಮಾನ್ಯ ತಟ್ಟುಗಳ ಮೇಲೆ ಆಡಬಹುದಾದ ಪಂದ್ಯವೊಂದು ಬೇಕೆಂದು ರಾಣಿ ಎಲಿಜಬೆತ್ತಳ ಪತಿ ಫಿಲಿಪ್ ಅವರು ಸೂಚಿಸಿದರು. ಅದನ್ನು ರೂಪಿಸಿದವರು ಕರ್ನಲ್ ಮೈಕ್ ಆನ್ಸೆಲ್. ಇವರು ಅಶ್ವದಳದ ಅಧಿಕಾರಿ; ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಸೆರೆಯಾಗಿ, ದೃಷ್ಟಿಯನ್ನು ಕಳೆದುಕೊಂಡವರು. ಕಣ್ಣಿಲ್ಲದ ಈ ಮನುಷ್ಯನೇ 1949ರಲ್ಲಿ ಲಂಡನ್ನಿನ ಹ್ಯಾರಿಂಗೇಯಲ್ಲಿ ‘ಹಾರ್ಸ್ ಆಫ್ ದಿ ಇಯರ್ ಷೋ’ ಎಂಬ ಬಹು ದೊಡ್ಡ ಪ್ರದರ್ಶನವನ್ನು ಆರಂಭಿಸಿದುದು. 1957ರಲ್ಲಿ ಅದೇ ಪ್ರದರ್ಶನದಲ್ಲಿ ಮೊದಲ ಕಪ್ಪಿನ ಆಟಗಳು ನಡೆದವು. ದಂಡಿನ ಪ್ರದೇಶದ ನಮ್ಮ ಹಳೆಯ ಜಿಮಖಾನಾ ಹೀಗೆ ಮಕ್ಕಳ ಆಟವಾಗಿ ಮರುಹುಟ್ಟು ಪಡೆಯಿತು. ಊರಿನ ಮಟ್ಟದಿಂದ ಗೆಲ್ಲುತ್ತ ಬಂದ ತಂಡಗಳು ಇಂದಿಗೂ ಅದೇ ಪ್ರದರ್ಶನದ ಅಂಗಳದಲ್ಲಿ ಕೊನೆಯ ಸುತ್ತನ್ನು ಆಡುತ್ತವೆ. ಪ್ರದರ್ಶನ ಮಾತ್ರ ಈಗ ಬರ್ಮಿಂಗ್‌ಹ್ಯಾಮಿಗೆ ಸ್ಥಳಾಂತರವಾಗಿದೆ.

ತಂಡದಲ್ಲಿ ಐವರು, ಒಂದೊಂದು ಆಟಕ್ಕೆ ನಾಲ್ವರು ಇಳಿಯುತ್ತಾರೆ. ಒಂದು ಆಟದಲ್ಲಿ ಸಾಲಾಗಿ ನೆಟ್ಟ ಕಂಬಗಳ ನಡುವೆ ಹಾವಿನಂತೆ ಬಳುಕಿ ಹೋಗಿ, ಹಾಗೆಯೇ ಬಳುಕುತ್ತ ಹಿಂದಿರುಗಿ, ಮುಂದಿನವನ ಕೈಗೆ ಕೋಲು ಕೊಡಬೇಕು. ಇನ್ನೊಂದರಲ್ಲಿ ನಾಗಾಲೋಟದಲ್ಲಿ ಬಂದು ಒಂದು ಶಂಕುವಿನಿಂದ ಬಾವುಟ ಕಿತ್ತು ಮತ್ತೊಂದರಲ್ಲಿ ಸಿಕ್ಕಿಸಬೇಕು. ಮತ್ತೊಂದರಲ್ಲಿ ಓಡುವ ತಟ್ಟಿನಿಂದ ಧುಮುಕಿ, ನೆಲದ ಮೇಲಿನ ಕಾಲುಚೀಲದ ಉಂಡೆ ಎತ್ತಿಕೊಂಡು, ಮತ್ತೆ ಬೆನ್ನಿಗೆ ಹಾರಿ, ದಾರಿಯಲ್ಲಿಟ್ಟ ಬಕೆಟ್ಟಿನಲ್ಲಿ ಹಾಕುತ್ತ ಹೋಗಬೇಕು. ರಿಕಾಪಿಗೆ ಕಾಲಿಟ್ಟು ಹತ್ತುವಷ್ಟು ವ್ಯವಧಾನವಿಲ್ಲ. ತಟ್ಟು ಓಡುತ್ತಿರುವಂತೆಯೇ ಅದರ ಪಕ್ಕದಲ್ಲಿ ಎರಡು ಹೆಜ್ಜೆ ಓಡಿ ಜೀನಿಗೆ ಜಿಗಿಯುತ್ತಾರೆ. ಬಕೆಟ್ಟು ತಪ್ಪಿತೋ, ಬಾವುಟ ಬಿತ್ತೋ, ತಪ್ಪು ಮಾಡಿದವನೇ ಹಿಂದಿರುಗಿ ಸರಿಪಡಿಸಬೇಕು.

ಇಲ್ಲಿ ಎರಡು ನಿಯಮಗಳು ವಿಶೇಷವಾಗಿ ಗಮನಾರ್ಹ. ಮೊದಲನೆಯದು: ಚಾವಟಿ, ಮುಳ್ಳುಹಿಮ್ಮಡ ಎರಡೂ ನಿಷಿದ್ಧ. ಹೊಡೆದು ಓಡಿಸುವಂತಿಲ್ಲ, ತಟ್ಟು ಓಡಬೇಕಾದರೆ ಅದಕ್ಕೆ ಆ ಆಟ ಅಭ್ಯಾಸವಾಗಿರಬೇಕು, ಸವಾರನ ಮೇಲೆ ನೆಚ್ಚಿಕೆ ಇರಬೇಕು. ಎರಡನೆಯದು: 53 ಕಿಲೋಗ್ರಾಂ ಮೀರಿದ ಸವಾರನು 12 ಹ್ಯಾಂಡ್ 2 ಅಂಗುಲದ ಅಥವಾ ಅದಕ್ಕೂ ಗಿಡ್ಡ ತಟ್ಟಿನ ಮೇಲೆ ಕೂಡುವಂತಿಲ್ಲ. ಗೆಲ್ಲುವ ಆಸೆಯಿಂದ ದೊಡ್ಡ ಹುಡುಗನನ್ನು ಚುರುಕಾದ ಚಿಕ್ಕ ತಟ್ಟಿನ ಮೇಲೆ ಕೂರಿಸುವ ತಂದೆತಾಯಿಗಳು ಎಲ್ಲ ದೇಶದಲ್ಲಿಯೂ ಇರುತ್ತಾರಷ್ಟೆ. ಮಕ್ಕಳ ಆಟದ ನಿಯಮಗಳಲ್ಲಿ ಅರ್ಧಕ್ಕರ್ಧ ದೊಡ್ಡವರನ್ನು ತಡೆಯಲು ಮಾಡಿದವು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಇನ್ನೊಂದು ಬಗೆ ‘ಈವೆಂಟಿಂಗ್’. ಇದರ ಮೂಲ ಅಶ್ವದಳದ ಅಧಿಕಾರಿಯ ಕುದುರೆಗೆ ಇಡುತ್ತಿದ್ದ ಪರೀಕ್ಷೆ: ಕವಾಯತಿನಲ್ಲಿ ವಿಧೇಯವಾಗಿರಬೇಕು, ಕಾಡುಮೇಡಿನಲ್ಲಿ ಎದೆಗೆಡದೆ ಓಡಬೇಕು, ಅಷ್ಟೆಲ್ಲ ದಣಿದ ಮೇಲೂ ನೆಗೆಯಲು ಸಮರ್ಥವಾಗಿರಬೇಕು. ಅದರಿಂದಲೇ ಮೂರು ಭಾಗಗಳು: ಡ್ರೆಸಾಜ್, ಕ್ರಾಸ್ ಕಂಟ್ರಿ, ಷೋ ಜಂಪಿಂಗ್. ಡ್ರೆಸಾಜಿನಲ್ಲಿ ನಡಿಗೆ, ಕುಕ್ಕೋಟ, ಓಟ, ವೃತ್ತ, ನಿಲುಗಡೆ ಇವುಗಳಿಗೆ ಒಂದೊಂದಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಶೇಕಡಾವಾರು ತೆಗೆಯುತ್ತಾರೆ. ಅದನ್ನು ನೂರರಿಂದ ಕಳೆದರೆ ಉಳಿಯುವುದೇ ದಂಡದ ಅಂಕ. ಕ್ರಾಸ್ ಕಂಟ್ರಿಯಲ್ಲಿ ಮರದ ದಿಮ್ಮಿ, ಹಳ್ಳ, ನೀರು, ಬೇಲಿ ಮೊದಲಾದ ಅಲುಗದ ಅಡೆಗಳು. ಒಂದು ಅಡೆಯ ಮುಂದೆ ತಟ್ಟು ಮೊದಲ ಸಲ ನಿರಾಕರಿಸಿದರೆ 20 ದಂಡ, ಎರಡನೆಯ ಸಲ 40, ಮೂರನೆಯ ಸಲಕ್ಕೆ ಪಂದ್ಯದಿಂದ ಹೊರಗೆ. ಷೋ ಜಂಪಿಂಗಿನಲ್ಲಿ ಬೀಳಿಸಿದ ಪ್ರತಿ ಅಡೆಗೆ 4. ದಂಡ ಯಾರಿಗೆ ಕಡಿಮೆಯೋ ಅವರದು ಗೆಲುವು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಒಬ್ಬ ಹುಡುಗಿ ಡ್ರೆಸಾಜಿನಲ್ಲಿ ನೂರಕ್ಕೆ 68 ಗಳಿಸಿದಳೆಂದು ಭಾವಿಸೋಣ. ಅವಳ ದಂಡ 32. ಕ್ರಾಸ್ ಕಂಟ್ರಿಯಲ್ಲಿ ನೀರಿನ ಮುಂದೆ ಅವಳ ತಟ್ಟು ಒಮ್ಮೆ ನಿಂತಿತು: 20. ಕೊನೆಯಲ್ಲಿ ಒಂದು ಕೋಲು ಬಿತ್ತು: 4. ಒಟ್ಟು 56. ಇನ್ನೊಬ್ಬನು ಡ್ರೆಸಾಜಿನಲ್ಲಿ ಬರೇ 57 ಗಳಿಸಿ 43 ದಂಡ ಹೊತ್ತರೂ, ಮುಂದಿನ ಎರಡು ಭಾಗಗಳನ್ನು ತಪ್ಪಿಲ್ಲದೆ ಮುಗಿಸಿದರೆ ಅವನೇ ಮುಂದು. ಚೆಂದವಾಗಿ ಕಾಣುವುದಕ್ಕಿಂತ ನಂಬಿಕೆಯಿಂದ ಮುನ್ನುಗ್ಗುವುದಕ್ಕೆ ಇಲ್ಲಿ ತೂಕ ಹೆಚ್ಚು.

ತಟ್ಟು ಏಕೆ ನಿಲ್ಲುತ್ತದೆ? ಹಟಮಾರಿತನವೆಂದು ನೋಡುವವರು ಬೈಯುತ್ತಾರೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಹುಲ್ಲು ಮೇಯುತ್ತಲೇ ಹಿಂದಿನಿಂದ ಬರುವ ಶತ್ರುವನ್ನು ಕಾಣಲು ಅದು ಅನುಕೂಲ. ಆದರೆ ಹಣೆಯ ನೇರ ಮುಂದೆ, ತೀರ ಹತ್ತಿರದಲ್ಲಿರುವುದು ಅದಕ್ಕೆ ಕಾಣದು. ನೆಗೆಯುವ ಕೊನೆಯ ಕ್ಷಣದಲ್ಲಿ ಅಡೆಯು ಅದರ ನೋಟದಿಂದ ಮರೆಯಾಗುತ್ತದೆ. ಸ್ವಲ್ಪ ಮೊದಲು ಕಂಡುದನ್ನು ನೆಚ್ಚಿ, ಬೆನ್ನಿನ ಮೇಲಿನ ಸವಾರನನ್ನು ನೆಚ್ಚಿ ನೆಗೆಯಬೇಕು. ಸವಾರನು ಹೆದರಿ ಲಗಾಮು ಬಿಗಿಹಿಡಿದು ಹಿಂದಕ್ಕೆ ವಾಲಿದರೆ, ಆ ಭಯ ಕಡಿವಾಣದ ಮೂಲಕ ಅದರ ಬಾಯಿಗೆ ತಲುಪುತ್ತದೆ. ಮೇಲಾಗಿ ಕುದುರೆ ಸಂಶಯ ಬಂದರೆ ಮೊದಲು ಓಡಿಹೋಗುವ ಪ್ರಾಣಿ. ಆಳ ತಿಳಿಯದ ನೀರಿನ ಮುಂದೆ ಅದು ನಿಂತರೆ ಅದನ್ನು ವಿವೇಕವೆನ್ನಬೇಕು.

ಈ ಕ್ರೀಡೆಯ ಅಪಾಯವನ್ನು ಮರೆಮಾಚುವುದು ಸರಿಯಲ್ಲ. ಅಲುಗದ ಅಡೆಗೆ ಮುಂಗಾಲು ತಗುಲಿದರೆ ಕುದುರೆ ಉರುಳಿ ಸವಾರನ ಮೇಲೆ ಬೀಳಬಹುದು. 1999ರಲ್ಲಿ ಬ್ರಿಟನ್ನಿನಲ್ಲಿ ಈವೆಂಟಿಂಗಿನ ಐವರು ಸವಾರರು ಸತ್ತರು. ಅದರ ನಂತರ ಪೆಟ್ಟು ಬಿದ್ದೊಡನೆ ಮುರಿದು ದಿಮ್ಮಿಯನ್ನು ಕೆಳಗಿಳಿಸುವಂತಹ ಗೂಟಗಳನ್ನು ದೊಡ್ಡ ಪಂದ್ಯಗಳ ಅಡೆಗಳಲ್ಲಿ ಅಳವಡಿಸತೊಡಗಿದರು. ಪೋನಿ ಕ್ಲಬ್ಬಿನ ಮಕ್ಕಳು ಗುಣಮಟ್ಟ ಪರೀಕ್ಷಿಸಿ ಗುರುತು ಕಟ್ಟಿದ ಟೊಪ್ಪಿಗೆಯನ್ನೂ, ಕ್ರಾಸ್ ಕಂಟ್ರಿಯಲ್ಲಿ ಎದೆಬೆನ್ನುಗಳಿಗೆ ಮೆತ್ತೆಯ ಕವಚವನ್ನೂ ಧರಿಸಲೇಬೇಕು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಇದೆಲ್ಲ ಸಿರಿವಂತರ ಮಕ್ಕಳ ವಿಲಾಸವಲ್ಲವೆ? ಬಹುಮಟ್ಟಿಗೆ ಹೌದು. ಹುಲ್ಲುಗಾವಲು, ಲಾಯ, ಲಾಳಗಾರ, ಪಶುವೈದ್ಯ, ತಟ್ಟನ್ನು ಸಾಗಿಸುವ ವಾಹನ, ಇವೆಲ್ಲಕ್ಕೂ ಹಣ ಬೇಕು. ಸ್ವಂತ ತಟ್ಟು ಇಲ್ಲದ ಮಕ್ಕಳು ಸವಾರಿಶಾಲೆಗಳ ಮೂಲಕ ಸೇರಲು ಕ್ಲಬ್ಬು ಆಮೇಲೆ ದಾರಿ ಮಾಡಿತು. ಆದರೂ ಬಾಡಿಗೆಯ ತಟ್ಟಿನ ಮೇಲೆ ವಾರಕ್ಕೊಂದು ತಾಸು ಕೂಡುವವನಿಗೂ ಮನೆಯ ಹಿತ್ತಿಲಲ್ಲೇ ತಟ್ಟು ಇರುವವನಿಗೂ ಸಮಾನ ಸ್ಪರ್ಧೆ ಎನ್ನುವುದು ಕಷ್ಟ. ಪ್ರಿನ್ಸ್ ಫಿಲಿಪ್ಪರ ಉದ್ದೇಶ ಒಳ್ಳೆಯದೇ. ಆದರೆ ಯಾವ ಆಟಕ್ಕೆ ಕಪ್ ಇಟ್ಟರೂ ಅದನ್ನು ಗೆಲ್ಲಬಲ್ಲ ತಟ್ಟಿಗೆ ಬೆಲೆ ಏರದೆ ಇರುವುದೆ?

ಹಣಕ್ಕಿಂತ ಕಠಿಣವಾದ ಬೇಲಿಗಳೂ ಇದ್ದವು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವೀಡನ್ನಿನ ತಂಡ ಡ್ರೆಸಾಜಿನಲ್ಲಿ ಚಿನ್ನ ಗೆದ್ದಿತು. ತಂಡದಲ್ಲಿದ್ದ ಯೆನಾಲ್ ಪೆರ್ಸನ್ ಎಂಬಾತನು ಸಾರ್ಜೆಂಟ್. ಆಗಿನ ನಿಯಮದಂತೆ ಸೈನಿಕರಲ್ಲಿ ಅಧಿಕಾರಿಗಳಾದವರು ಮಾತ್ರ ಭಾಗವಹಿಸಬಹುದಿತ್ತು. ಅದಕ್ಕೆಂದು ಅವನಿಗೆ ಪಂದ್ಯದ ಮಟ್ಟಿಗೆ ಲೆಫ್ಟಿನೆಂಟ್ ಪದವಿ ಕೊಟ್ಟು, ಮುಗಿದ ಮೇಲೆ ಕಿತ್ತುಕೊಂಡಿದ್ದರು. ಇದು ಬಯಲಾಗಿ 1949ರಲ್ಲಿ ತಂಡದ ಪದಕವನ್ನೇ ಕಸಿದರು. ಅವನ ಸವಾರಿಯಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ. ತಪ್ಪಿದ್ದುದು ಹೆಗಲಿನ ಪಟ್ಟಿಯಲ್ಲಿ. 1952ರ ಹೊತ್ತಿಗೆ ನಿಯಮ ಬದಲಾಗಿ, ಅದೇ ಪೆರ್ಸನ್ ಹೆಲ್ಸಿಂಕಿಯಲ್ಲಿ ತಂಡದೊಡನೆ ಮತ್ತೆ ಚಿನ್ನ ಗೆದ್ದನು. ಹೆಂಗಸರಿಗೂ ಅಶ್ವಕ್ರೀಡೆಯ ಬಾಗಿಲು ತೆರೆದುದು ಆ ವರ್ಷವೇ. ಪೋಲಿಯೋದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆ, ಕುದುರೆ ಹತ್ತಲು ಇಳಿಯಲು ಇತರರ ನೆರವು ಪಡೆದು, ಗಂಡಸರೊಡನೆ ಸ್ಪರ್ಧಿಸಿ ಬೆಳ್ಳಿಯ ಪದಕ ಪಡೆದಳು. ಷೋ ಜಂಪಿಂಗಿಗೆ 1956ರಲ್ಲಿ, ಈವೆಂಟಿಂಗಿಗೆ 1964ರಲ್ಲಿ ಸ್ತ್ರೀಯರಿಗೆ ಪ್ರವೇಶ ದೊರೆಯಿತು. ಇಂದು ಒಲಿಂಪಿಕ್ಸಿನ ಈ ಪಂದ್ಯಗಳಲ್ಲಿ ಗಂಡು ಹೆಣ್ಣು ಎಂಬ ಪಂಗಡಗಳೇ ಇಲ್ಲ. ಪೋನಿ ಕ್ಲಬ್ಬಿನಲ್ಲಂತೂ ಹುಡುಗಿಯರೇ ಬಹುಸಂಖ್ಯಾತರು. ಗಂಡುಹುಡುಗರು ಬರಲೆಂದು 1969ರಲ್ಲಿ ಈಜು, ಓಟ, ಗುರಿ ಹೊಡೆಯುವುದು, ಸವಾರಿ ಇವು ನಾಲ್ಕನ್ನೂ ಕೂಡಿಸಿ ‘ಟೆಟ್ರಾಥ್ಲಾನ್’ ಎಂಬುದನ್ನು ಏರ್ಪಡಿಸಬೇಕಾಯಿತು!

ಟೆಟ್ರಾಥ್ಲಾನಿನ ದೊಡ್ಡಣ್ಣನೆನ್ನಬಹುದಾದ ಒಲಿಂಪಿಕ್ ಪೆಂಟಾಥ್ಲಾನಿನಲ್ಲಿ 2021ರಲ್ಲಿ, ಟೋಕಿಯೋದಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಅಲ್ಲಿ ಕುದುರೆ ಸವಾರನದಲ್ಲ. ಚೀಟಿ ಎತ್ತಿ ಕೊಡುತ್ತಾರೆ, ಪರಿಚಯಕ್ಕೆ 20 ನಿಮಿಷ. ಮುನ್ನಡೆಯಲ್ಲಿದ್ದ ಜರ್ಮನಿಯ ಸ್ಪರ್ಧಿಗೆ ಬಂದ ‘ಸೇಂಟ್ ಬಾಯ್’ ಎಂಬ ಕುದುರೆ ಹಿಂದಿನ ಸವಾರಳ ಕೈಯಲ್ಲಿಯೇ ಬೆದರಿತ್ತು. ಈಕೆಗೂ ಅದು ನೆಗೆಯಲೊಲ್ಲದಾಯಿತು. ಆಕೆ ಅಳುತ್ತ ಚಾವಟಿ ಬೀಸಿದಳು; ತರಬೇತುಗಾರ್ತಿ ಬೇಲಿಯ ಆಚೆಯಿಂದ ಅದನ್ನು ಗುದ್ದಿದಳು. ಲೋಕವೆಲ್ಲ ಅದನ್ನು ನೋಡಿತು. ಕೊನೆಗೆ ಸವಾರಿಯನ್ನೇ ಆ ಕ್ರೀಡೆಯಿಂದ ತೆಗೆಯಲು ನಿರ್ಧರಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸೇ ಅದರ ಕೊನೆ. ಆ ಹೆಣ್ಣುಮಗಳನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ನೆಚ್ಚಿಕೆ ಹುಟ್ಟಬೇಕೆಂದು ಬಯಸಿದ ನಿಯಮವೇ ತಪ್ಪು. ಬೆಳಗಿನ ಐದು ಗಂಟೆಗೆ ಎದ್ದು ಲದ್ದಿ ಬಾಚುವ ಹನ್ನೆರಡು ವರ್ಷದ ಪೋರಿ ತನ್ನ ತಟ್ಟಿನಿಂದ ಪಡೆಯುವುದನ್ನು ಒಲಿಂಪಿಕ್ ಸ್ಪರ್ಧಿ ಚೀಟಿಯಿಂದ ಪಡೆಯಲಾರಳು.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಮೇಲೆ ಕುಳಿತು ಚೆಂಡಾಡುವ ವಿನೋದದ ವರ್ಣನೆಯಿದೆ. ಅದು ಅರಮನೆಯ ಆಟ. ನಮ್ಮ ಕಾಲದಲ್ಲಿ ಬೆಂಗಳೂರಿನ ಫೌವಾದ್ ಮಿರ್ಜಾ ಅವರು 2018ರ ಜಕಾರ್ತ ಏಷ್ಯನ್ ಕ್ರೀಡೆಗಳ ಈವೆಂಟಿಂಗಿನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. 1982ರ ದೆಹಲಿಯ ನಂತರ ಭಾರತಕ್ಕೆ ಅಶ್ವಕ್ರೀಡೆಯಲ್ಲಿ ವೈಯಕ್ತಿಕ ಪದಕ ಬಂದುದು ಅದೇ ಮೊದಲು.

ಕಡೆಯದಾಗಿ, ಈ ಪಂದ್ಯಗಳಲ್ಲಿ ಪ್ರತಿ ಮಗುವಿಗೂ ಬರುವ ಒಂದು ಕಷ್ಟದ ಗಳಿಗೆಯನ್ನು ಹೇಳಿ ಮುಗಿಸುತ್ತೇನೆ. ಮಗು ಬೆಳೆಯುತ್ತದೆ, ತಟ್ಟು ಬೆಳೆಯುವುದಿಲ್ಲ. ಕಾಲುಗಳು ಅದರ ಹೊಟ್ಟೆಯ ಕೆಳಗೆ ಜೋಲತೊಡಗಿದಾಗ ಅದನ್ನು ಚಿಕ್ಕ ಮಗುವೊಂದಕ್ಕೆ ಮಾರಿ ದೊಡ್ಡದನ್ನು ಕೊಳ್ಳಬೇಕು. ತಟ್ಟುಗಳು ಇಪ್ಪತ್ತೈದು ಮೂವತ್ತು ವರ್ಷ ಬದುಕುವುದರಿಂದ ಒಂದೊಂದು ತಟ್ಟು ನಾಲ್ಕೈದು ಮಕ್ಕಳಿಗೆ ಗುರುವಾಗುತ್ತದೆ. ಮರಿಯನ್ ಕೋಕ್ಸ್ ಎಂಬ ಇಂಗ್ಲಿಷ್ ಹುಡುಗಿಗೂ ಈ ಗಳಿಗೆ ಬಂದಿತು. ಅವಳ ತಟ್ಟಿನ ಹೆಸರು ‘ಸ್ಟ್ರೋಲರ್’. ಮಕ್ಕಳ ಪಂದ್ಯಗಳ ವಯಸ್ಸು ಮೀರಿದಾಗ ತಂದೆ ಅದನ್ನು ಮಾರಲು ಯೋಚಿಸಿದರು. ಅವಳು ಬೇಡಿಕೊಂಡು ಉಳಿಸಿಕೊಂಡಳು. ದೊಡ್ಡ ಕುದುರೆಗಳ ನಡುವೆ ಅದೇ ತಟ್ಟನ್ನು ನೆಗೆಯಿಸಿ 1965ರಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್ ಆದಳು; 1967ರಲ್ಲಿ ಹಿಕ್‌ಸ್ಟೆಡ್ ಡರ್ಬಿ ಗೆದ್ದಳು; 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸಿನ ಷೋ ಜಂಪಿಂಗಿನಲ್ಲಿ, ಅಮೆರಿಕದ ವಿಲಿಯಂ ಸ್ಟೈನ್‌ಕ್ರಾಸ್ ಒಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ಹಿಂದೆ ಹಾಕಿ ಬೆಳ್ಳಿಯ ಪದಕ ಪಡೆದಳು. ಸ್ಟ್ರೋಲರ್ ಅವಳ ಬಳಿಯಲ್ಲಿಯೇ ಮುಪ್ಪಾಗಿ 1986ರಲ್ಲಿ ತನ್ನ 36ನೆಯ ವಯಸ್ಸಿನಲ್ಲಿ ತೀರಿಕೊಂಡಿತು.